ನಾಲ್ಕು ಇಂಚು ಜಾಗ, ಇಬ್ಬರು ಹಕ್ಕುದಾರರು

2014ರ ಆಗಸ್ಟ್ 24ರಂದು ಅಮೆರಿಕದ ನೆವಾರ್ಕ್‌ನಿಂದ ಡೆನ್ವರ್‌ಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್ ವಿಮಾನ ನಡುದಾರಿಯಲ್ಲಿ ಷಿಕಾಗೊಗೆ ತಿರುಗಿ ಅಲ್ಲೇ ಇಳಿಯಿತು. ಎಂಜಿನ್ ಕೆಟ್ಟಿರಲಿಲ್ಲ. ಹವಾಮಾನವೂ ಚೆನ್ನಾಗಿಯೇ ಇತ್ತು. ಯಾರಿಗೂ ಹೃದಯಾಘಾತವಾಗಿರಲಿಲ್ಲ. ಹಿಂದು ಮುಂದಿನ ಆಸನಗಳಲ್ಲಿ ಕುಳಿತಿದ್ದ ಇಬ್ಬರು ಪ್ರಯಾಣಿಕರು ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು, ಅಷ್ಟೆ. ಮುಂದಿನ ಮಹಿಳೆ ತನ್ನ ಆಸನದ ಬೆನ್ನನ್ನು ಹಿಂದಕ್ಕೆ ವಾಲಿಸಲು ಗುಂಡಿ ಒತ್ತಿದರೆ ಅದು ಕದಲಲಿಲ್ಲ. ಹಿಂದಿನ ಗೃಹಸ್ಥ ತನ್ನ ಮುಂದಿನ ಊಟದ ಹಲಗೆಯ ತೋಳುಗಳಿಗೆ ಪುಟ್ಟ ಪ್ಲಾಸ್ಟಿಕ್ ತುಂಡುಗಳೆರಡನ್ನು ಸಿಕ್ಕಿಸಿ ಆಸನಕ್ಕೆ ಬೀಗ ಹಾಕಿಬಿಟ್ಟಿದ್ದ. ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಬೇಕಿತ್ತಂತೆ. ಗಗನಸಖಿ ಬಂದು ತೆಗೆಯಿರಿ ಎಂದರೂ ತೆಗೆಯಲಿಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಮಹಿಳೆ ಒಂದು ಲೋಟ ನೀರನ್ನು ಅವನ ಮೇಲೆ ಎರಚಿದಳು. ಇಬ್ಬರನ್ನೂ ಷಿಕಾಗೊದಲ್ಲಿ ಇಳಿಸಿ, ಉಳಿದವರನ್ನು ಹೊತ್ತ ವಿಮಾನ ಒಂದೂವರೆ ಗಂಟೆಗೂ ಹೆಚ್ಚು ತಡವಾಗಿ ಡೆನ್ವರ್ ತಲುಪಿತು.

ಮುಂದಿನ ಎಂಟು ದಿನಗಳೊಳಗೆ ಇದೇ ಕಾರಣಕ್ಕೆ ಇನ್ನೆರಡು ವಿಮಾನಗಳು ದಾರಿ ಬದಲಿಸಿದವು. ಮಿಯಾಮಿಯಿಂದ ಪ್ಯಾರಿಸ್ಸಿಗೆ ಹೊರಟದ್ದು ಬಾಸ್ಟನ್‌ನಲ್ಲಿ ಇಳಿಯಿತು. ನ್ಯೂಯಾರ್ಕ್‌ನಿಂದ ಫ್ಲಾರಿಡಾದ ಪಾಮ್ ಬೀಚ್‌ಗೆ ಹೊರಟದ್ದು ಜಾಕ್ಸನ್‌ವಿಲ್‌ನಲ್ಲಿ. ಡೆನ್ವರ್ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಇಬ್ಬರೂ ಕುಳಿತಿದ್ದುದು ಸಾಮಾನ್ಯ ದರ್ಜೆಯ ಇಕ್ಕಟ್ಟಿನಲ್ಲಿ ಅಲ್ಲ. ಕಾಲು ಚಾಚಲು ನಾಲ್ಕು ಇಂಚಿನವರೆಗೆ ಹೆಚ್ಚು ಜಾಗವಿದೆಯೆಂದು ಕಂಪನಿಯು ಹೆಚ್ಚಿನ ದರಕ್ಕೆ ಮಾರುವ ಸಾಲುಗಳಲ್ಲಿ.

ಪ್ಲಾಸ್ಟಿಕ್ ತುಂಡುಗಳ ಹೆಸರು ‘ನೀ ಡಿಫೆಂಡರ್’, ಅಂದರೆ ಮೊಣಕಾಲು ರಕ್ಷಕ. 2003ರಲ್ಲಿ ಅಮೆರಿಕದ ಉದ್ದ ಕಾಲಿನ ಪ್ರಯಾಣಿಕರೊಬ್ಬರು ಇದನ್ನು ಮಾಡಿ ಮಾರತೊಡಗಿದರು. 2014ರ ಹೊತ್ತಿಗೆ ಬೆಲೆ ಸುಮಾರು 22 ಡಾಲರ್. ಅಲ್ಲಿನ ದೊಡ್ಡ ವಿಮಾನ ಕಂಪನಿಗಳು ಇದರ ಬಳಕೆಯನ್ನು ಒಪ್ಪುವುದಿಲ್ಲ. ಆದರೂ ಜಗಳದ ಸುದ್ದಿ ಹಬ್ಬಿದಾಗ ಜನಾಭಿಪ್ರಾಯ ಸರಿಯಾಗಿ ಎರಡು ಹೋಳಾಯಿತು. ಗುಂಡಿ ಇರುವುದು ಒತ್ತುವುದಕ್ಕೇ ಎಂದು ಒಂದು ಪಂಗಡ. ನನ್ನ ಮೊಣಕಾಲಿನ ಮುಂದಿನ ಜಾಗ ನನ್ನದೇ ಎಂದು ಇನ್ನೊಂದು. ಎರಡೂ ಪಂಗಡದವರು ಟಿಕೆಟ್ ತೋರಿಸಿಯೇ ವಾದಿಸುತ್ತಿದ್ದರು ಎಂಬುದು ವಿಶೇಷ.

ಜಗಳ ಅರ್ಥವಾಗಬೇಕಾದರೆ ಆಸನದ ಲೆಕ್ಕ ಸ್ವಲ್ಪ ತಿಳಿದಿರಬೇಕು. ವಿಮಾನದಲ್ಲಿ ಸಾಲುಗಳ ಅಂತರವನ್ನು ‘ಪಿಚ್’ ಎಂದು ಅಳೆಯುತ್ತಾರೆ. ಒಂದು ಆಸನದ ಯಾವುದೋ ಒಂದು ಬಿಂದುವಿನಿಂದ ಮುಂದಿನ ಆಸನದ ಅದೇ ಬಿಂದುವಿಗೆ ಇರುವ ದೂರ ಇದು. ಇದು ಕಾಲಿಗೆ ಸಿಗುವ ಜಾಗವಲ್ಲ. ಆಸನದ ಬೆನ್ನಿನ ದಪ್ಪ ಅದರೊಳಗೇ ಸೇರಿರುತ್ತದೆ. ಪಿಚ್ 30 ಇಂಚು ಎಂದರೆ ಆ 30 ಇಂಚಿನಲ್ಲಿ ಕುರ್ಚಿ, ಕುಳಿತವನ ದೇಹ, ತೊಡೆ, ಮೊಣಕಾಲು ಎಲ್ಲವೂ ಸಂಸಾರ ಮಾಡಬೇಕು.

ಇನ್ನು ಬೆನ್ನು ವಾಲುವ ಬಗೆ. ಕೀಲು ಇರುವುದು ಆಸನದ ಬುಡದಲ್ಲಿ. ಹೀಗಾಗಿ ವಾಲಿದಾಗ ಮೇಲ್ತುದಿ ಹೆಚ್ಚು ಹಿಂದಕ್ಕೆ ಬರುತ್ತದೆ, ಕೆಳಭಾಗ ಕಡಿಮೆ. ಹಿಂದೆ ಕುಳಿತವನು ಮೊದಲು ಕಳೆದುಕೊಳ್ಳುವುದು ಮುಖದ ಮುಂದಿನ ಜಾಗವನ್ನು. ಅವನು ತೆರೆದಿಟ್ಟ ಲ್ಯಾಪ್‌ಟಾಪ್‌ನ ಪರದೆ ಮುಂದಿನ ಆಸನದ ಸಂದಿಯಲ್ಲಿ ಸಿಕ್ಕಿ ಬಿರುಕು ಬಿಡುವುದೂ ಇದರಿಂದಲೇ. ಕುಳ್ಳಗಿರುವವರ ಮೊಣಕಾಲಿಗೆ ಅಷ್ಟೇನೂ ತಾಗದು. ಉದ್ದ ಕಾಲಿನವರಿಗೆ ಮಾತ್ರ, ಬೆನ್ನು ನೆಟ್ಟಗಿದ್ದಾಗಲೇ ಮೊಣಕಾಲು ಅದಕ್ಕೆ ಒತ್ತಿಕೊಂಡಿರುವುದರಿಂದ, ಒಂದೊಂದು ಇಂಚೂ ಮೂಳೆಗೇ ಬಡಿಯುತ್ತದೆ.

‘ಮುಂದಿನವರು ವಾಲಿಸಿದರೆ ನೀವೂ ವಾಲಿಸಿ, ಲೆಕ್ಕ ಚುಕ್ತಾ ಆಗುತ್ತದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಮುಖದ ಮಟ್ಟಿಗೆ ಇದು ನಿಜ. ಕಳೆದುಕೊಂಡ ದೂರವನ್ನು ತಾನೂ ಹಿಂದೆ ಸರಿದು ಪಡೆದುಕೊಳ್ಳಬಹುದು. ಮೊಣಕಾಲಿನ ಮಟ್ಟಿಗೆ ಸುಳ್ಳು. ಬೆನ್ನು ಎಷ್ಟು ವಾಲಿಸಿದರೂ ಕುಳಿತ ಜಾಗ ಹಿಂದೆ ಹೋಗುವುದಿಲ್ಲ, ಮೊಣಕಾಲು ಇದ್ದಲ್ಲೇ ಇರುತ್ತದೆ. ಅದೂ ಅಲ್ಲದೆ, ಹತ್ತನೆಯ ಸಾಲಿನವನು ಮಾಡಿದ ಸಾಲವನ್ನು ಹನ್ನೊಂದನೆಯವನು ಹನ್ನೆರಡನೆಯವನಿಗೆ ದಾಟಿಸುತ್ತಾ ಹೋದರೆ ಕೊನೆಗೆ ತೀರಿಸುವವರು ಯಾರು? ಶೌಚಾಲಯದ ಗೋಡೆಗೆ ಬೆನ್ನು ಕೊಟ್ಟ ಕಟ್ಟಕಡೆಯ ಸಾಲಿನವರು. ಅನೇಕ ವಿಮಾನಗಳಲ್ಲಿ ಅವರ ಆಸನ ವಾಲುವುದೇ ಇಲ್ಲ. ತುರ್ತು ನಿರ್ಗಮನದ ಬಾಗಿಲಿನ ಹಾದಿಗೆ ಅಡ್ಡವಾಗಬಾರದೆಂದು ಅದರ ಮುಂದಿನ ಸಾಲಿನ ಆಸನವನ್ನೂ ಸಾಮಾನ್ಯವಾಗಿ ವಾಲದಂತೆ ಬಿಗಿದಿರುತ್ತಾರೆ. ಅವರು ಕೊಟ್ಟ ಹಣವೇನೂ ಕಡಿಮೆಯಲ್ಲ.

ಈ ಗುಂಡಿ ಬಂದದ್ದು ಇಂಥ ಇಕ್ಕಟ್ಟಿನ ಕಾಲದಲ್ಲಲ್ಲ. 1920ರ ದಶಕದ ವಿಮಾನಗಳಲ್ಲಿ ತೂಕ ಉಳಿಸಲೆಂದು ಬೆತ್ತದ ಕುರ್ಚಿಗಳನ್ನು ಹಾಕುತ್ತಿದ್ದರು. 1935ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ ಡಗ್ಲಾಸ್ ಕಂಪನಿಯ ‘ಸ್ಲೀಪರ್ ಟ್ರಾನ್ಸ್‌ಪೋರ್ಟ್’ ವಿಮಾನದಲ್ಲಿ ರೈಲಿನಂತೆ ಮಲಗುವ ಬರ್ತ್‌ಗಳೇ ಇದ್ದವು, ಒಟ್ಟು 14. ಅದರ ಹಗಲಿನ ರೂಪವೇ ಜಗತ್ತೆಲ್ಲ ಹೆಸರಾದ ಡಿಸಿ-3. ಅದರಲ್ಲಿ 21 ಆಸನಗಳು. ದೂರಪ್ರಯಾಣದಲ್ಲಿ ಒರಗಿ ಮಲಗುವುದು ಐಷಾರಾಮದ ಭಾಗವಾಗಿತ್ತು. 1958ರಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಅಗ್ಗದ ‘ಎಕಾನಮಿ’ ದರ್ಜೆ ಬಂದಾಗಲೂ ಸಾಲುಗಳ ಅಂತರ 34 ಇಂಚು ಇರಬೇಕೆಂದು ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟವೇ ನಿಗದಿ ಮಾಡಿತ್ತು. ಆ ದರ್ಜೆಯವರಿಗೆ ಬರೀ ಸ್ಯಾಂಡ್‌ವಿಚ್ ಕೊಡಬೇಕು ಎಂಬ ಕಟ್ಟಳೆಯೂ ಇತ್ತು. ಸ್ಕ್ಯಾಂಡಿನೇವಿಯದ ಕಂಪನಿ ಸ್ಯಾಂಡ್‌ವಿಚ್ ಎಂಬ ಹೆಸರಿನಲ್ಲಿ ಭೋಜನವನ್ನೇ ಬಡಿಸುತ್ತಿದೆಯೆಂದು ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟು, ದಂಡ ಹಾಕಿಸಿದ ಕಥೆ ವಿಮಾನಯಾನದ ಚರಿತ್ರೆಯಲ್ಲಿದೆ.

1978ರವರೆಗೆ ಅಮೆರಿಕದೊಳಗಿನ ಟಿಕೆಟ್ ದರವನ್ನು ಸರಕಾರದ ಮಂಡಳಿ ನಿಯಂತ್ರಿಸುತ್ತಿತ್ತು. ದರದಲ್ಲಿ ಸ್ಪರ್ಧಿಸಲಾಗದ ಕಂಪನಿಗಳು ಊಟದಲ್ಲಿ, ಆಸನದಲ್ಲಿ, ಉಪಚಾರದಲ್ಲಿ ಪೈಪೋಟಿ ನಡೆಸಿದವು. 70ರ ದಶಕದ ಆರಂಭದಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಜಂಬೊ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯವರಿಗಾಗಿ ಪಿಯಾನೊ ಕೂಡ ಇಟ್ಟಿತ್ತು. 1978ರ ಕಾನೂನು ದರವನ್ನು ಮುಕ್ತಗೊಳಿಸಿತು. ಭಾರತದಲ್ಲಿ ಸರಕಾರಿ ಏಕಸ್ವಾಮ್ಯದ ಕಾನೂನು ರದ್ದಾದುದು 1994ರಲ್ಲಿ. ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರತೊಡಗಿದ್ದು 2003ರಲ್ಲಿ. ಇದರಿಂದ ಆದ ಉಪಕಾರವನ್ನು ಮರೆಯಬಾರದು. ಆಕಾಶವನ್ನು ತಲೆಯೆತ್ತಿ ನೋಡಿಯಷ್ಟೇ ಗೊತ್ತಿದ್ದ ಎಷ್ಟೋ ಕುಟುಂಬಗಳು ಅಲ್ಲಿಂದ ಮುಂದೆ ವಿಮಾನ ಹತ್ತಿದವು. ಆದರೆ ಅಗ್ಗದ ಟಿಕೆಟ್ಟಿನ ಹಣ ಎಲ್ಲಿಂದಲೋ ಹುಟ್ಟಬೇಕಲ್ಲ. ಅದು ಸಾಲುಗಳ ನಡುವಿನಿಂದ ಹುಟ್ಟಿತು. ಏರ್‌ಬಸ್ ಎ320 ವಿಮಾನದಲ್ಲಿ ಎರಡು ದರ್ಜೆ ಇಟ್ಟರೆ ಸುಮಾರು 150 ಆಸನಗಳು. ಒಂದೇ ದರ್ಜೆ ಮಾಡಿದರೆ 180. ಶೌಚಾಲಯ, ಅಡುಗೆಕಟ್ಟೆಗಳನ್ನು ಒತ್ತರಿಸಿ, ತೆಳು ಬೆನ್ನಿನ ಆಸನ ಹಾಕಿದರೆ 186. ವಿಮಾನದ ಉದ್ದ ಮಾತ್ರ ಅಷ್ಟೇ ಇದೆ.

2017ರಲ್ಲಿ ಪ್ರಯಾಣಿಕರ ಸಂಘವೊಂದು ಈ ವಿಚಾರವನ್ನು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯಕ್ಕೆ ಒಯ್ದಿತು. ಪಿಚ್ ಸರಾಸರಿ 35 ಇಂಚಿನಿಂದ 31ಕ್ಕೆ, ಕೆಲವೆಡೆ 28ಕ್ಕೆ ಇಳಿದಿದೆ, ಜನರ ದೇಹವೋ ದೊಡ್ಡದಾಗುತ್ತಿದೆ, ಅಪಘಾತವಾದರೆ ಹೊರಬರುವುದು ಹೇಗೆ ಎಂಬುದು ಅದರ ವಾದ. ಕುಗ್ಗುತ್ತಿರುವ ಆಸನದ ಪ್ರಕರಣವೆಂದು ಸ್ವಲ್ಪ ವಿನೋದವಾಗಿಯೇ ಹೆಸರಿಟ್ಟ ನ್ಯಾಯಾಲಯ, ಮರುಪರಿಶೀಲಿಸಿ ಎಂದು ಸರಕಾರಕ್ಕೆ ಹೇಳಿತು. 2018ರಲ್ಲಿ ಅಮೆರಿಕದ ಸಂಸತ್ತು, ಒಂದು ವರ್ಷದೊಳಗೆ ಆಸನದ ಕನಿಷ್ಠ ಅಳತೆ ಗೊತ್ತುಮಾಡಿ ಎಂದು ಕಾನೂನನ್ನೇ ಮಾಡಿತು. ಓಕ್ಲಹೋಮಾದಲ್ಲಿ ನೂರಾರು ಸ್ವಯಂಸೇವಕರನ್ನು ಕೂರಿಸಿ, ಎಬ್ಬಿಸಿ, ಓಡಿಸಿ ಪ್ರಯೋಗಗಳಾದವು. ವರ್ಷಗಳು ಉರುಳಿದರೂ ಅಳತೆ ಬರಲಿಲ್ಲ. ಸಂಘ ಮತ್ತೆ ನ್ಯಾಯಾಲಯಕ್ಕೆ ಹೋದಾಗ ಅದು 2023ರಲ್ಲಿ ಮಧ್ಯೆ ಪ್ರವೇಶಿಸಲು ನಿರಾಕರಿಸಿತು. ಗಮನಿಸಬೇಕಾದದ್ದು, ಅಲ್ಲಿ ಚರ್ಚೆಯಾದದ್ದೆಲ್ಲ ಸುರಕ್ಷತೆಯೇ. ವಿಮಾನ ಏರುವಾಗ, ಇಳಿಯುವಾಗ ಬೆನ್ನು ನೆಟ್ಟಗಿರಬೇಕೆಂಬ ನಿಯಮವೂ ಅದಕ್ಕೇ ಇದೆ. ಅರ್ಧದಷ್ಟು ಬಾಗಿಲುಗಳು ತೆರೆಯದಿದ್ದರೂ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬೀಳಬಹುದು ಎಂದು ದೊಡ್ಡ ವಿಮಾನಗಳ ತಯಾರಕರು ತೋರಿಸಿಕೊಡಬೇಕು. ವಾಲಿದ ಬೆನ್ನು ಆ ಓಟಕ್ಕೆ ಅಡ್ಡಿ. ಇವೆರಡರ ನಡುವಿನ ಗಂಟೆಗಳಲ್ಲಿ ವಾಲಿಸುವುದು ನ್ಯಾಯವೇ ಅನ್ಯಾಯವೇ ಎಂಬುದನ್ನು ಈ ನಿಯಮಗಳಾವುವೂ ಹೇಳುವುದಿಲ್ಲ.

ನ್ಯಾಯದ ಈ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಹಳೆಯ ನಂಟಿದೆ. 1879ರಲ್ಲಿ ಲಂಡನ್ನಿನಲ್ಲಿ ಒಬ್ಬ ಮಿಠಾಯಿ ತಯಾರಕನಿಗೂ ಒಬ್ಬ ವೈದ್ಯನಿಗೂ ಮೊಕದ್ದಮೆ ನಡೆಯಿತು. ಮಿಠಾಯಿಯವನು ಬಹುಕಾಲದಿಂದ ತನ್ನ ಅಡುಗೆಮನೆಯಲ್ಲಿ ದೊಡ್ಡ ಒರಳುಗಳಲ್ಲಿ ಕುಟ್ಟುತ್ತಿದ್ದ. ವೈದ್ಯ ಪಕ್ಕಕ್ಕೆ ಬಂದು ಕೆಲವು ವರ್ಷಗಳಾದ ಮೇಲೆ, ಆ ಅಡುಗೆಮನೆಯ ಗೋಡೆಗೆ ಒತ್ತಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಒರಳಿನ ಸದ್ದಿಗೆ ಎದೆಬಡಿತ ಕೇಳಿಸದು ಎಂಬುದು ಅವನ ದೂರು. ನ್ಯಾಯಾಲಯ ವೈದ್ಯನ ಪರವಾಗಿ ತೀರ್ಪು ಕೊಟ್ಟಿತು. 1960ರಲ್ಲಿ ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞ ಈ ಪ್ರಕರಣವನ್ನು ಕೆದಕಿ ಹೊಸ ಮಾತೊಂದನ್ನು ಹೇಳಿದರು. ಮಿಠಾಯಿಯವನು ವೈದ್ಯನಿಗೆ ತೊಂದರೆ ಕೊಡುತ್ತಿದ್ದಾನೆ ಎನ್ನುವುದು ಅರ್ಧ ಸತ್ಯ. ಅವನನ್ನು ನಿಲ್ಲಿಸಿದರೆ ವೈದ್ಯ ಮಿಠಾಯಿಯವನಿಗೆ ತೊಂದರೆ ಕೊಟ್ಟಂತೆ. ತೊಂದರೆ ಎರಡೂ ಕಡೆಯದು. ಮಾತುಕತೆಗೆ ಖರ್ಚು, ತೊಡಕು ಇಲ್ಲದಿದ್ದರೆ ಹಕ್ಕು ಮೊದಲು ಯಾರದೆಂದು ಬರೆದರೂ, ಅದು ಯಾರಿಗೆ ಹೆಚ್ಚು ಬೇಕೋ ಅವರು ಹಣ ಕೊಟ್ಟು ಪಡೆದುಕೊಳ್ಳುತ್ತಾರೆ. ಮುಖ್ಯವಾಗಿ ಇಂಥ ವಿಚಾರಗಳಿಗಾಗಿ 1991ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ವಿಮಾನದ ಆಸನಕ್ಕೆ ಇದನ್ನು ಅನ್ವಯಿಸಿದರೆ ಉತ್ತರ ಸುಲಭ. ಗುಂಡಿ ಮುಂದಿನವರ ಕೈಯಲ್ಲಿದೆ, ಆದ್ದರಿಂದ ಹಕ್ಕು ಅವರದು. ಹಿಂದಿನವರಿಗೆ ಅಷ್ಟು ಕಷ್ಟವಾದರೆ ಹಣ ಕೊಟ್ಟು ನಿಲ್ಲಿಸಲಿ. 2014ರ ಜಗಳಗಳ ನಂತರ ಅಮೆರಿಕದ ಪತ್ರಿಕೆಗಳಲ್ಲಿ ಹೀಗೆ ವಾದಿಸಿದವರೂ ಇದ್ದರು. ಕ್ರಿಸ್ಟೊಫರ್ ಬುಕಾಫುಸ್ಕೊ ಮತ್ತು ಕ್ರಿಸ್ಟೊಫರ್ ಸ್ಪ್ರಿಗ್‌ಮನ್ ಎಂಬ ಕಾನೂನು ಪ್ರಾಧ್ಯಾಪಕರಿಬ್ಬರು, ವಾದವೇಕೆ, ಜನರನ್ನೇ ಕೇಳೋಣ ಎಂದು ಹೊರಟರು. ನ್ಯೂಯಾರ್ಕ್‌ನಿಂದ ಲಾಸ್ ಏಂಜಲಿಸ್‌ಗೆ ಆರು ಗಂಟೆಯ ಪ್ರಯಾಣವೆಂದು ಊಹಿಸಿಕೊಳ್ಳಿ. ವಾಲಿಸುವ ಹಕ್ಕು ಮುಂದಿನವರದು. ವಾಲಿಸದೆ ಇರಲು ಎಷ್ಟು ಬೇಕು? ಸರಾಸರಿ 41 ಡಾಲರ್ ಎಂದರು ಜನ. ಹಿಂದಿನವರು ಎಷ್ಟು ಕೊಟ್ಟಾರು? 18 ಡಾಲರ್. ಹಾಗಾದರೆ ಒರಗುವ ಸುಖವೇ ಹೆಚ್ಚು ಬೆಲೆಯದು ಎಂದಾಯಿತಲ್ಲ? ಆಗ ಅವರು ನಿಯಮವನ್ನು ತಿರುವಿ ಹಾಕಿ ಕೇಳಿದರು: ಜಾಗದ ಹಕ್ಕು ಹಿಂದಿನವರದು, ಮುಂದಿನವರು ಕೊಂಡುಕೊಳ್ಳಬೇಕು. ಮುಂದಿನವರು ಕೊಡಲು ಒಪ್ಪಿದ್ದು ಸುಮಾರು 12 ಡಾಲರ್. ಹಿಂದಿನವರು ಕೇಳಿದ್ದು 39!

ಅಂದರೆ ಆ ನಾಲ್ಕು ಇಂಚಿಗೆ ನಿಜವಾದ ಬೆಲೆಯೆಂಬುದೇ ಇಲ್ಲ. ‘ಇದು ನಿನ್ನದು’ ಎಂದು ಮೊದಲು ಯಾರಿಗೆ ಹೇಳಿದಿರೋ ಅವರ ಕೈಯಲ್ಲಿ ಅದು ದುಬಾರಿ, ಇನ್ನೊಬ್ಬರ ಕಣ್ಣಿಗೆ ಅಗ್ಗ. ಜಮೀನಿನ ಬದುವಿಗೆ ತಲೆಮಾರುಗಟ್ಟಲೆ ಕೋರ್ಟು ಅಲೆದವರನ್ನು ಕಂಡ ನಾಡಿಗೆ ಇದು ಹೊಸ ಸಂಗತಿಯಲ್ಲ. ಕುತೂಹಲದ ವಿಷಯವೆಂದರೆ, ಹಣದ ಮಾತು ಬಿಟ್ಟು, ಹಿಂದಿನವರು ಒಂದು ಪಾನೀಯ ಅಥವಾ ತಿಂಡಿ ಕೊಡಿಸುತ್ತೇನೆಂದರೆ ವಾಲಿಸದೆ ಇರುತ್ತೀರಾ ಎಂದು ಕೇಳಿದಾಗ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಹೂಂ ಅಂದರು. ಹಣ ಎಂದೊಡನೆ ಹಕ್ಕಿನ ಮಾತು ಬರುತ್ತದೆ, ತಿಂಡಿ ಎಂದೊಡನೆ ನೆರೆಹೊರೆಯ ಮಾತು.

ಇಲ್ಲಿ ವಿಮಾನ ಕಂಪನಿ ಮಾಡಿರುವುದೇನೆಂದು ನೋಡಬೇಕು. ಮುಂದಿನವರಿಗೆ ಗುಂಡಿಯನ್ನು ಕೊಟ್ಟು ಆ ಜಾಗವನ್ನು ಒಮ್ಮೆ ಮಾರಿತು. ಹಿಂದಿನವರಿಗೆ ಇಷ್ಟು ಇಂಚು ಪಿಚ್ ಎಂದು ಜಾಹೀರಾತು ಮಾಡಿ, ಊಟದ ಹಲಗೆಯನ್ನೂ ಕೆಲವೆಡೆ ಟಿ.ವಿ. ಪರದೆಯನ್ನೂ ಕೊಟ್ಟು ಅದೇ ಜಾಗವನ್ನು ಮತ್ತೊಮ್ಮೆ ಮಾರಿತು. ಒಂದೇ ಸೈಟನ್ನು ಇಬ್ಬರ ಹೆಸರಿಗೆ ನೋಂದಣಿ ಮಾಡಿಸಿದವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಇಲ್ಲಿ ಮಾತ್ರ ಕೊಂಡವರಿಬ್ಬರೂ ಪರಸ್ಪರ ಮುಖ ಕೆಂಪಗೆ ಮಾಡಿಕೊಂಡು ಕೂರುತ್ತಾರೆ, ಮಾರಿದವರು ಸೌಜನ್ಯದ ಪಾಠ ಹೇಳುತ್ತಾರೆ. 2020ರ ಆರಂಭದಲ್ಲಿ ಅಮೆರಿಕದಲ್ಲಿ ಒಬ್ಬಾತ ಮುಂದಿನ ಆಸನದ ಬೆನ್ನಿಗೆ ಗುದ್ದುತ್ತಿದ್ದ ವಿಡಿಯೊ ಹಬ್ಬಿದಾಗ, ಡೆಲ್ಟಾ ಕಂಪನಿಯ ಮುಖ್ಯಸ್ಥ ಎಡ್ ಬಾಸ್ಟಿಯನ್, ವಾಲಿಸುವ ಹಕ್ಕು ಎಲ್ಲರಿಗಿದೆ, ಆದರೆ ಹಿಂದಿನವರು ಎತ್ತರದವರಾಗಿದ್ದರೆ ಒಂದು ಮಾತು ಕೇಳಿ ವಾಲಿಸುವುದು ಒಳ್ಳೆಯದು ಎಂದರು. ಸಲಹೆ ಸರಿಯಾದದ್ದೇ. ಬೆಂಗಳೂರಿನ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ಯೂ ಇದೇ ಜಾತಿಯದು: ಯಾರು ಯಾರಿಗೆ ಅಡ್ಜಸ್ಟ್ ಮಾಡಿಕೊಳ್ಳಬೇಕು ಎಂಬುದನ್ನು ಅದು ಜಾಣತನದಿಂದ ಹೇಳದೆ ಬಿಡುತ್ತದೆ.

ಕೆಲವು ಕಂಪನಿಗಳು ಜಗಳದ ಬುಡಕ್ಕೇ ಕೈಹಾಕಿದವು. ರಯಾನ್‌ಏರ್, ಸ್ಪಿರಿಟ್‌ನಂಥ ಅಗ್ಗದ ಕಂಪನಿಗಳು ವಾಲದ ಆಸನಗಳನ್ನೇ ಹಾಕಿಸಿದವು. ಬ್ರಿಟಿಷ್ ಏರ್‌ವೇಸ್ 2018ರಲ್ಲಿ ಹತ್ತಿರದ ಊರುಗಳಿಗೆ ಹೋಗುವ ಹೊಸ ವಿಮಾನಗಳಲ್ಲಿ ಒಂದಿಷ್ಟು ಓರೆಯಾಗಿ ಮೊದಲೇ ಬಿಗಿದ ಬೆನ್ನು ತಂದಿತು. ಡೆಲ್ಟಾ 2019ರಲ್ಲಿ ಎ320 ವಿಮಾನಗಳ ವಾಲಿಕೆಯನ್ನು ನಾಲ್ಕು ಇಂಚಿನಿಂದ ಎರಡಕ್ಕೆ ಇಳಿಸಿತು. ಕೀಲು, ಗುಂಡಿ ಇಲ್ಲದ ಆಸನ ಹಗುರ, ರಿಪೇರಿಯೂ ಕಡಿಮೆ. ಆದ್ದರಿಂದ ಇದೆಲ್ಲ ಶಾಂತಿಸ್ಥಾಪನೆಗಾಗಿಯೇ ಆಯಿತು ಎನ್ನುವಂತಿಲ್ಲ. ಒಂದೆರಡು ಗಂಟೆಯ ಹಾದಿಗೆ ಇದು ಒಪ್ಪುವ ಮಾತೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವಷ್ಟು ಹೊತ್ತಿಗೆ ಒರಗದಿದ್ದರೆ ಯಾರ ಬೆನ್ನೂ ಮುರಿಯದು. ಹದಿನಾಲ್ಕು ಹದಿನೈದು ಗಂಟೆ ಕೂರುವ, ಸೊಂಟನೋವಿನ ಅರವತ್ತೈದರ ಅಜ್ಜಿಗೆ ಇದನ್ನು ಹೇಳಲಾಗದು.

ದೂರದ ಹಾದಿಗೆ ಹಾಂಗ್‌ಕಾಂಗ್‌ನ ಕೆಥೆ ಪೆಸಿಫಿಕ್ ಒಂದು ಸೊಗಸಾದ ಉಪಾಯ ಹೂಡಿತ್ತು. 2000ದ ದಶಕದ ಕೊನೆಯಲ್ಲಿ ಅದು ತಂದ ಎಕಾನಮಿ ಆಸನಕ್ಕೆ ಹಿಂದೆ ಅಲುಗದ ಚಿಪ್ಪು. ಗುಂಡಿ ಒತ್ತಿದರೆ ಬೆನ್ನು ಹಿಂದೆ ಹೋಗದೆ, ಕುಳಿತ ಭಾಗ ಮುಂದಕ್ಕೆ ಜಾರುತ್ತಿತ್ತು. ಒರಗಬೇಕೆನ್ನುವವರು ತಮ್ಮ ಮೊಣಕಾಲಿನ ಜಾಗವನ್ನೇ ಖರ್ಚು ಮಾಡಬೇಕು, ಹಿಂದಿನವರಿಗೆ ಕೂದಲೆಳೆಯಷ್ಟೂ ತೊಂದರೆಯಿಲ್ಲ. ನ್ಯಾಯದ ದೃಷ್ಟಿಯಿಂದ ಇದಕ್ಕಿಂತ ಮಿಗಿಲಾದ ಆಸನ ಬೇರೆ ಹುಟ್ಟಿಲ್ಲ ಎನ್ನಬಹುದು. ಪ್ರಯಾಣಿಕರಿಗೆ ಅದು ಸೇರಲಿಲ್ಲ. ದೂರುಗಳು ಹೆಚ್ಚಿ, ಕೆಲವೇ ವರ್ಷಗಳಲ್ಲಿ ಕಂಪನಿ ಹಿಂದಕ್ಕೆ ವಾಲುವ ಮಾಮೂಲು ಆಸನಕ್ಕೆ ಮರಳಿತು.

ಜಾಗವನ್ನು ಹಂಚಲಾಗದಿದ್ದರೆ ಹೊತ್ತನ್ನು ಹಂಚಬಹುದು. ಭಾರತೀಯ ರೈಲ್ವೆ ಬಹುಕಾಲದಿಂದ ಮಾಡಿಕೊಂಡು ಬಂದಿರುವುದು ಇದನ್ನೇ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಪ್ರಯಾಣ ಮಾಡಿದವರಿಗೆ ಮಧ್ಯದ ಬರ್ತಿನ ತಕರಾರು ಗೊತ್ತು. ಅದನ್ನು ಎತ್ತಿ ಕಟ್ಟಿದರೆ ಕೆಳಗಿನವರು ತಲೆಯೆತ್ತಿ ಕೂರುವಂತಿಲ್ಲ. ಕಟ್ಟದಿದ್ದರೆ ಮಧ್ಯದವರು ಮಲಗುವಂತಿಲ್ಲ. ಇಬ್ಬರ ಟಿಕೆಟ್ಟೂ ಸಾಚಾ. ರೈಲ್ವೆಯ ನಿಯಮ ಇಲ್ಲಿ ಗಡಿಯಾರ ನೋಡಿಕೊಳ್ಳುತ್ತದೆ. ಮೊದಲು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇದ್ದ ಮಲಗುವ ಹೊತ್ತನ್ನು 2017ರ ಆಗಸ್ಟ್‌ನಲ್ಲಿ 10ರಿಂದ 6 ಎಂದು ಬದಲಿಸಲಾಯಿತು. ಸಂಜೆಯಾಗುತ್ತಲೇ ಹಾಸಿಗೆ ಬಿಚ್ಚುವವರಿಂದ ಜಗಳಗಳಾಗುತ್ತಿದ್ದವು. ಕಾಯಿಲೆಯವರು, ಅಂಗವಿಕಲರು, ಗರ್ಭಿಣಿಯರು ಆ ಹೊತ್ತಿನಾಚೆಗೂ ಮಲಗಬೇಕೆಂದರೆ ಸಹಕರಿಸಿ ಎಂದೂ ಆ ಸುತ್ತೋಲೆಯಲ್ಲಿತ್ತು. ಹತ್ತು ಗಂಟೆಗೆ ಮಧ್ಯದವರು ಎದ್ದು ನಿಂತರೆ ಕೆಳಗಿನವರು ಗೊಣಗಬಹುದು, ಆದರೆ ನ್ಯಾಯ ಯಾರ ಕಡೆ ಎಂಬ ಸಂಶಯ ಇಬ್ಬರಿಗೂ ಇರುವುದಿಲ್ಲ.

ಆಕಾಶದಲ್ಲಿ ಹತ್ತು ಗಂಟೆ ಎಂದರೆ ಯಾರ ಹತ್ತು ಗಂಟೆ? 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ಹಾರಾಟ ಆರಂಭಿಸಿದಾಗ, ಮಹಿಳೆಯರೇ ನಡೆಸಿದ ಆ ಮೊದಲ ವಿಮಾನ ಉತ್ತರ ಧ್ರುವದ ಮೇಲಿನ ಹಾದಿ ಹಿಡಿದು ಸುಮಾರು 14,000 ಕಿಲೋಮೀಟರ್ ಕ್ರಮಿಸಿತು. 9ರಂದು ಹೊರಟದ್ದು ಕೆಂಪೇಗೌಡ ನಿಲ್ದಾಣದಲ್ಲಿ ಇಳಿದದ್ದು 11ರಂದು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬರುವ ತಾಯಂದಿರಲ್ಲಿ ಇಂಥ ಉದ್ದದ ಪ್ರಯಾಣವನ್ನು ನೆಟ್ಟಗೆ ಕುಳಿತೇ ಮುಗಿಸಿದವರು ಎಷ್ಟೋ ಜನ. ಕುರ್ಚಿಯ ಕೈಯಲ್ಲಿ ಗುಂಡಿ ಇದೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಹೇಳಿದರೂ, ಹಿಂದೆ ಯಾರೋ ಕೂತಿದ್ದಾರಲ್ಲ ಎಂಬ ಸಂಕೋಚ.

ಹಾಗೆಂದು ವಿಮಾನದಲ್ಲಿ ಗಡಿಯಾರವೇ ಇಲ್ಲವೆಂದಲ್ಲ. ಊಟ ಬಡಿಸುವಾಗ ಗಗನಸಖಿಯರು ಬೆನ್ನು ನೆಟ್ಟಗೆ ಮಾಡಿಸುತ್ತಾರೆ. ಅದನ್ನು ಪಾಲಿಸದವರನ್ನು ಯಾರೂ ಸಮರ್ಥಿಸುವುದಿಲ್ಲ. ಊಟ ಮುಗಿದು ದೀಪಗಳನ್ನು ತಗ್ಗಿಸಿದೊಡನೆ ವಿಮಾನಕ್ಕೆ ರಾತ್ರಿಯಾಯಿತು. ಹೊರಗೆ ನಡುಹಗಲಿದ್ದರೂ ಆಗ ಒರಗುವವರನ್ನು ಹಿಂದಿನವರು ಆಕ್ಷೇಪಿಸುವುದು ಬಹಳ ಕಡಿಮೆ. ಬರೆದಿಡದ ಈ ರೂಢಿಯಲ್ಲಿ ಇನ್ನಷ್ಟು ಸೂಕ್ಷ್ಮಗಳಿವೆ. ಗುಂಡಿ ಒತ್ತುವ ಮೊದಲು ಒಮ್ಮೆ ತಿರುಗಿ ನೋಡುವುದು, ಬಿಸಿ ಕಾಫಿಯೋ ತೆರೆದ ಲ್ಯಾಪ್‌ಟಾಪೋ ಇದ್ದರೆ ಕಾಯುವುದು, ಧಡಕ್ಕನೆ ಬೀಳದೆ ನಿಧಾನ ವಾಲುವುದು. ಜಪಾನಿನ ರೈಲುಗಳಲ್ಲಿ ಹಿಂದಿನವರಿಗೆ ಒಂದು ಮಾತು ಹೇಳಿ ಒರಗುವವರು ಬಹಳ ಮಂದಿ. ಹಿಂದಿನವರ ಪಾಲಿನ ಪಾಪಗಳೂ ಕಡಿಮೆಯಲ್ಲ. ಏಳುವಾಗ ಮುಂದಿನ ಆಸನದ ತುದಿ ಹಿಡಿದು ಜಗ್ಗುವುದು, ಅದರ ಬೆನ್ನಿನಲ್ಲಿರುವ ಪರದೆಯನ್ನು ಮೃದಂಗದಂತೆ ಬೆರಳಿನಿಂದ ಬಡಿಯುವುದು, ಮೊಣಕಾಲಿನಿಂದ ತಿವಿದು ಸೂಚನೆ ಕೊಡುವುದು.

ಇಳಿಯಲು ಇನ್ನೆರಡು ಗಂಟೆ ಇರುವಾಗ ದೀಪಗಳು ಮತ್ತೆ ಹತ್ತುತ್ತವೆ. ಚಹದ ಗಾಡಿ ಹಿಂದಿನಿಂದ ಬರುತ್ತದೆ. ಗಗನಸಖಿ ಮಲಗಿದವರ ಭುಜ ಮುಟ್ಟಿ ಎಬ್ಬಿಸುತ್ತಾಳೆ, ಸಾಲುಸಾಲಾಗಿ ಬೆನ್ನುಗಳು ಮೇಲೇಳುತ್ತವೆ, ಕಟ್ಟಕಡೆಯ ಸಾಲಿನವರ ಮುಖದ ಮುಂದೆಯೂ ಸ್ವಲ್ಪ ಗಾಳಿಯಾಡುತ್ತದೆ.